ತೋರಿಸದ ಪ್ರೀತಿ

ಗೂಗಲಿನ ಕಡೆಯಾಗಲಿ ಬೇರೆಲ್ಲಿಯಾಗಲಿ, ಹಿರಿಯರ ಮುಂದೆ ತನ್ನ ಕೂಸನ್ನು ಎತ್ತಿಕೊಳ್ಳಲು ನಾಚುವ ತಂದೆಗಳನ್ನು ನೀವು ಕಂಡಿರುವಿರಿ. ಪ್ರೀತಿ ಇಲ್ಲವೆಂದಲ್ಲ, ತೋರಿಸುವುದು ಮರ್ಯಾದೆಯಲ್ಲವೆಂಬ ಎಣಿಕೆ. ಅಂಥ ಪ್ರೀತಿಯ ಗತಿ ಏನಾಗುವುದೆಂಬದನ್ನು ಇಂಗ್ಲೆಂಡಿನ ಜಾನ್ ಸ್ಟೂಅರ್ಟ್ ಮಿಲ್ಲನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟನು. ಅವನು ಸತ್ತ 1873ರಲ್ಲಿಯೇ ಅದು ಅಚ್ಚಾಯಿತು.

1806ರಲ್ಲಿ ಹುಟ್ಟಿದ ಅವನಿಗೆ ತಂದೆಯಾದ ಜೇಮ್ಸ್ ಮಿಲ್ಲನೇ ಗುರುವು. (ಇಬ್ಬರೂ ಕಂಪನಿ ಸರಕಾರದ ಲಂಡನ್ ಕಚೇರಿಯಲ್ಲಿ ಕೆಲಸಮಾಡಿದವರು.) ಮೂರನೆಯ ವಯಸ್ಸಿಗೆ ಗ್ರೀಕ್ ಭಾಷೆ ಕಲಿಸಿದನು, ಮುದ್ದು ಮಾತ್ರ ದೊರೆಯಲಿಲ್ಲ. 1826ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಯಾವುದರಲ್ಲಿಯೂ ಸಂತೋಷ ಕಾಣದಷ್ಟು ಮಗನ ಮನಸ್ಸು ಬತ್ತಿಹೋಯಿತು. ತಂದೆಗೆ ಅದನ್ನು ಹೇಳಲಾರದೆ ಹೋದನು. ಕೆಲವು ತಿಂಗಳ ಮೇಲೆ, ತಂದೆ ಸತ್ತ ಹುಡುಗನೊಬ್ಬನು ಮನೆಯವರಿಗೆ ಆಸರೆಯಾದ ವೃತ್ತಾಂತವನ್ನು ಫ್ರೆಂಚ್ ಪುಸ್ತಕವೊಂದರಲ್ಲಿ ಓದಿ ಅತ್ತನು. ಆಗ ಭಾರವು ಹಗುರವಾಯಿತು. ಅವನ ಎಲ್ಲಾ ಪಾಂಡಿತ್ಯಕ್ಕಿಂತ ಆ ಕಣ್ಣೀರೇ ದೊಡ್ಡದೆಂದು ನನಗೆ ತೋರುತ್ತದೆ.

ವಯಸ್ಸಾದ ಮೇಲೆ ಹಿಂದಿರುಗಿ ನೋಡಿ ಅವನು ತಂದೆಯನ್ನು ದೂಷಿಸಲಿಲ್ಲ, ಕನಿಕರಪಟ್ಟನು: ಮಕ್ಕಳ ಪ್ರೀತಿಗೆ ಹಂಬಲಿಸುತ್ತಿದ್ದ ಆತನು, ತನ್ನ ಭಯದಿಂದಲೇ ಅದು ಬುಡದಲ್ಲಿ ಒಣಗುವದನ್ನು ಕಂಡಿರಬೇಕು. ಮುಂದೆ ತಂದೆಯು ಮೃದುವಾದನು. ಕಿರಿಯ ಮಕ್ಕಳು ಅವನನ್ನು ಅಕ್ಕರೆಯಿಂದ ಪ್ರೀತಿಸಿದರು. ತನ್ನ ವಿಷಯದಲ್ಲಿ ಅಷ್ಟು ಹೇಳಲು ಮಿಲ್ಲನಿಗೆ ಆಗಲಿಲ್ಲ. ತಂದೆಗೆ ಯಾವಾಗಲೂ ನಿಷ್ಠನಾಗಿದ್ದೆನೆಂದು ಮಾತ್ರ ಬರೆದನು.