ನಾಯಿಯ ಯಜಮಾನಿಕೆ ಬಡಿಗೆಯಲ್ಲಿಲ್ಲ

ದೂಧಗಂಗೆಯ ದಂಡೆಯ ಏಕಸಂಬಿಯಿಂದ ಹಿಡಿದು ರಾಯಬಾಗ, ಅಥಣಿ, ಕಾಗವಾಡದ ತನಕ ಕಬ್ಬಿನ ನಡುವೆ ತೋಟದ ಮನೆ ಇದ್ದಲ್ಲಿ ನಾಯಿಯೂ ಇರುತ್ತದೆ. ಹಗಲು ಸರಪಳಿ, ರಾತ್ರಿ ಕಾವಲು. ಅದನ್ನು ಪಳಗಿಸುವುದು ಹೇಗೆಂದು ಕೇಳಿದರೆ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ಮರಿಯಿದ್ದಾಗಲೇ ನಾಲ್ಕು ಬಿಗಿದು ಯಜಮಾನ ಯಾರೆಂದು ತೋರಿಸಿಬಿಡಿ. ನಾಯಿಗೆ ಮುಂದಾಳು ಬೇಕೆಂಬ ಮಾತಿನಲ್ಲಿ ತಪ್ಪಿಲ್ಲ. ತಪ್ಪಿರುವುದು ದಾರಿಯಲ್ಲಿ. ಊಟ, ಬಾಗಿಲು, ಆಟ, ತಿರುಗಾಟ ಇವೆಲ್ಲ ಯಾವಾಗ, ಹೇಗೆ ಸಿಗುತ್ತವೆ ಎಂಬುದನ್ನು ಮನೆಯವರು ಗೊತ್ತುಮಾಡಿ ದಿನವೂ ಹಾಗೆಯೇ ನಡೆಸಿದರೆ, ನಾಯಿ ತಾನಾಗಿ ಅವರ ಮುಖ ನೋಡಲು ಕಲಿಯುತ್ತದೆ.

ಹೊಡೆದು ಅಡಗಿಸಬೇಕೆಂಬ ನಂಬಿಕೆಗೆ ವಿಜ್ಞಾನದ ಬಣ್ಣ ಬಂದದ್ದು 1947ರಲ್ಲಿ. ಸ್ವಿಟ್ಜರ್ಲೆಂಡಿನ ರುಡಾಲ್ಫ್ ಶೆಂಕೆಲ್ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ, ಗುಂಪಿನೊಳಗೆ ಮೇಲುಗೈಗಾಗಿ ಕಾದಾಟ ನಡೆಯುತ್ತದೆ ಎಂದು ಬರೆದರು. ಅಮೆರಿಕದ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಆ ಮಾತಿಗೆ ದೊಡ್ಡ ಪ್ರಚಾರ ಕೊಟ್ಟರು. ಕೆನಡಾದ ಎಲ್ಸ್‌ಮೀರ್ ದ್ವೀಪದ ಕಾಡುತೋಳಗಳನ್ನು ಹಲವು ಬೇಸಿಗೆ ಗಮನಿಸಿದ ಮೇಲೆ, 1999ರಲ್ಲಿ ಅದನ್ನು ತಿದ್ದಿದವರೂ ಅವರೇ. ಸಹಜ ತೋಳದ ಗುಂಪೆಂದರೆ ತಂದೆ, ತಾಯಿ, ಮರಿಗಳ ಸಂಸಾರ. ಗುದ್ದಾಡಿ ಪಟ್ಟಕ್ಕೇರಿದ ದೊರೆ ಅಲ್ಲಿ ಕಾಣುವುದಿಲ್ಲ. ಮೃಗಾಲಯದಲ್ಲಿ ಕಂಡದ್ದು ಒಟ್ಟಿಗೆ ಕೂಡಿಹಾಕಿದ ತೋಳಗಳ ಜಗಳ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆ ಇನ್ನೂ ನೇರವಾಗಿದೆ: ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ 43ರಷ್ಟು, ನಾಯಿಯನ್ನು ಅಂಗಾತ ಕೆಡವಿ ಒತ್ತಿಹಿಡಿದವರಲ್ಲಿ ಶೇ 31ರಷ್ಟು ಮಂದಿ ನಾಯಿ ತಿರುಗಿಬಿತ್ತು ಎಂದರು. ಅವು ಮೊದಲೇ ತೊಂದರೆ ಕೊಡುತ್ತಿದ್ದ ನಾಯಿಗಳಲ್ಲವೇ ಎಂದು ಕೇಳಬಹುದು. ಹೌದು, ಬಡಿಗೆ ಎತ್ತುವುದೂ ಅಂಥ ನಾಯಿಗಳ ಮೇಲೆಯೇ ತಾನೆ?

ಕಲಿಕೆ ಮನೆಮಂದಿಯಿಂದಲೇ ಶುರುವಾಗಲಿ. ಗಡಿಯ ಮನೆಗಳಲ್ಲಿ ಅಜ್ಜಿ ‘ಕುಂಡ್ರು’ ಎಂದರೆ, ಮಗ ಮರಾಠಿಯಲ್ಲಿ ‘ಬಸ್’ ಎನ್ನುತ್ತಾನೆ, ಶಾಲೆಗೆ ಹೋಗುವ ಮೊಮ್ಮಗಳಿಗೆ ‘ಸಿಟ್’ ಬೇಕು. ಯಾವ ಭಾಷೆಯಾದರೂ ಸರಿ, ಒಂದು ಕೆಲಸಕ್ಕೆ ಒಂದೇ ಶಬ್ದ ಎಂದು ಎಲ್ಲರೂ ಒಪ್ಪಿಕೊಳ್ಳಿ. ಆಮೇಲೆ ಊಟದ ಹೊತ್ತು. ತಟ್ಟೆಯನ್ನು ಎದೆಮಟ್ಟಕ್ಕೆ ಹಿಡಿದು, ರೊಟ್ಟಿಯ ಚೂರನ್ನು ಮೂಗಿನ ಮುಂದಿನಿಂದ ತಲೆಯ ಮೇಲಕ್ಕೆ ಒಯ್ಯಿರಿ. ಮೂತಿ ಮೇಲೆದ್ದಂತೆ ಹಿಂಭಾಗ ನೆಲಕ್ಕಿಳಿಯುತ್ತದೆ. ಇಳಿದ ಕ್ಷಣವೇ ‘ಭೇಷ್’ ಎಂದು ಚೂರು ಕೊಡಿ. ಎರಡು ಸೆಕೆಂಡು ತಡವಾದರೂ ತಾನು ಯಾವುದಕ್ಕೆ ಮೆಚ್ಚುಗೆ ಪಡೆದೆನೆಂಬುದು ಅದಕ್ಕೆ ತಿಳಿಯದು. ಮೈಮೇಲೆ ಹಾರಿದರೆ ಬೈಯಬೇಡಿ, ತಟ್ಟೆ ಮೇಲೆತ್ತಿ ಬೆನ್ನು ತಿರುಗಿಸಿ. ಕೂತ ಮೇಲಷ್ಟೇ ತಟ್ಟೆ ನೆಲಕ್ಕೆ. ಇದೇ ನಿಯಮ ಬಾಗಿಲಿಗೂ, ಸರಪಳಿ ಬಿಚ್ಚುವುದಕ್ಕೂ ಅನ್ವಯಿಸಲಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ಒಂದು ಎಚ್ಚರಿಕೆ: ಅಥಣಿ ಕಡೆ ಮನೆಯಲ್ಲೇ ಬೆಳೆಯುವ ದ್ರಾಕ್ಷಿ, ಒಣದ್ರಾಕ್ಷಿಯನ್ನು ಬಹುಮಾನವಾಗಿ ಕೊಡಬೇಡಿ, ಮೂತ್ರಪಿಂಡಕ್ಕೆ ಕುತ್ತು. ಉಳ್ಳಾಗಡ್ಡಿಯೂ ಬೇಡ.

ಕರೆದಾಗ ಬರುವುದನ್ನು ಕಲಿಸಲು ಉದ್ದನೆಯ ಹಗ್ಗ ಬೇಕು. ಕರೆಯಿರಿ, ಬಂದರೆ ತಿನಿಸು ಕೊಟ್ಟು ಮತ್ತೆ ಬಿಡಿ. ಸರಪಳಿ ಹಾಕಲಿಕ್ಕಷ್ಟೇ ಕರೆದರೆ ಜಾಣ ನಾಯಿ ಎರಡೇ ದಿನದಲ್ಲಿ ಕಿವುಡಾಗುತ್ತದೆ. ತಡವಾಗಿ ಬಂದ ನಾಯಿಯನ್ನು ಹೊಡೆದರಂತೂ ಬಂದದ್ದಕ್ಕೇ ಶಿಕ್ಷೆ ಕೊಟ್ಟಂತಾಯಿತು. ಬಾಯಲ್ಲಿ ಚಪ್ಪಲಿ ಕಚ್ಚಿಕೊಂಡಿದ್ದರೆ ಎಳೆದಾಡದೆ, ‘ಬಿಡು’ ಎಂದು ಅದಕ್ಕಿಂತ ರುಚಿಯಾದದ್ದನ್ನು ಮುಂದಿಡಿ.

ತಿನಿಸು ತೋರಿಸಿದರೆ ಮಾತ್ರ ಕೇಳುವ ನಾಯಿ ಆಪತ್ತಿಗಾದೀತೇ ಎಂಬ ಆಕ್ಷೇಪ ನ್ಯಾಯವಾದದ್ದು. ತಿನಿಸನ್ನು ಮೊದಲೇ ತೋರಿಸುತ್ತ ಹೋದರೆ ಅದು ಲಂಚವೇ ಆಗುತ್ತದೆ. ಕೆಲವು ದಿನಗಳ ನಂತರ ಬರಿಗೈಯಿಂದ ಸನ್ನೆ ಮಾಡಿ, ಕೆಲಸವಾದ ಮೇಲೆ ಜೇಬಿನಿಂದ ತೆಗೆಯಿರಿ. ಆಮೇಲೆ ಒಮ್ಮೆ ತಿನಿಸು, ಇನ್ನೊಮ್ಮೆ ಬರೀ ಬೆನ್ನು ಸವರುವುದು. ಯಾವಾಗ ಸಿಕ್ಕೀತೆಂದು ಗೊತ್ತಿರದ ಬಹುಮಾನಕ್ಕೆ ನಾಯಿ ಹೆಚ್ಚು ನಿಷ್ಠೆಯಿಂದ ದುಡಿಯುತ್ತದೆ.

ಕಾವಲು ನಾಯಿ ಉಗ್ರವಾಗಿರಬೇಕು, ಮುದ್ದು ಮಾಡಿದರೆ ಕೆಡುತ್ತದೆ ಎನ್ನುವವರು ಇದೇ ಸೀಮೆಯ ಕುರುಬರ ಹಿಂಡಿನ ಜೊತೆ ನಡೆಯುವ ನಾಯಿಯನ್ನು ನೋಡಬೇಕು. ಕುರಿಗಳ ನಡುವೆ ಬೆಳೆದ ಮರಿ ಕುರಿಯನ್ನು ತನ್ನವರೆಂದೇ ತಿಳಿಯುತ್ತದೆ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಯಾರನ್ನು, ಏನನ್ನು ಹೆದರದೆ ಕಂಡಿತೋ ಅದು ಬಹುಪಾಲು ಜೀವನಪೂರ್ತಿ ಪರಿಚಿತವೇ. ಹಾಲು ಒಯ್ಯುವವರು, ಟ್ರ್ಯಾಕ್ಟರ್, ಕಬ್ಬು ಕಡಿಯುವ ಗ್ಯಾಂಗಿನವರು, ಮಕ್ಕಳು ಇವರೆಲ್ಲ ಆ ವಯಸ್ಸಿನಲ್ಲೇ ಪರಿಚಯವಾಗಲಿ. ದಿನವಿಡೀ ಗಿಡ್ಡ ಸರಪಳಿಯಲ್ಲಿ ಕೊಳೆತ ನಾಯಿಗೆ ಕಳ್ಳನೂ ಒಂದೇ, ನೆಂಟನೂ ಒಂದೇ. ಮಿತಿಮೀರಿ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧವೂ ಹೌದು.

ಮುಧೋಳ ನಾಯಿ ಸಾಕಿದವರ ವಾದ ಬೇರೆ: ಬೇಟೆಯ ತಳಿ, ಮೃದು ಮಾತಿಗೆ ಬಗ್ಗದು. ಕಣ್ಣಿಗೆ ಬಿದ್ದ ಮೊಲದ ಹಿಂದೆ ಓಡುವುದು ಅದರ ರಕ್ತದಲ್ಲೇ ಇರುವುದು ನಿಜ. ಅದು ಯಜಮಾನನಿಗೆ ಎದುರು ನಿಲ್ಲುವ ಸೊಕ್ಕಲ್ಲ, ಹೊಡೆತದಿಂದ ಹೋಗುವುದೂ ಇಲ್ಲ. ಬಯಲಲ್ಲಿ ಹಗ್ಗ ಬಿಚ್ಚುವುದನ್ನು ತಿಂಗಳುಗಟ್ಟಲೆ ಮುಂದೂಡಿ, ಬೇಲಿಯೊಳಗೆ ದಿನವೂ ಓಡಿಸಿ.

ಹೊಡೆತ ತಿಂದ ನಾಯಿ ತೆಪ್ಪಗಾಗುತ್ತದಲ್ಲ ಎಂಬುದು ಕೊನೆಯ ವಾದ. ಗುರ್ ಎನ್ನುವುದು ಎಚ್ಚರಿಕೆ. ಅದಕ್ಕೆ ಪೆಟ್ಟು ಬಿದ್ದರೆ ನಾಯಿ ಎಚ್ಚರಿಕೆ ಬಿಟ್ಟು ನೇರ ಕಚ್ಚಬಹುದು. ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಗುರುಗುಟ್ಟತೊಡಗಿದರೆ ಕಿವಿ, ಹಲ್ಲು, ಕೀಲಿನ ನೋವಿರಬಹುದು, ಮೊದಲು ಪಶುವೈದ್ಯರಿಗೆ ತೋರಿಸಿ. ರೇಬಿಸ್ ಲಸಿಕೆ ಮೂರು ತಿಂಗಳಿಗೆ ಹಾಕಿಸಿ, ಮುಂದೆಯೂ ತಪ್ಪಿಸಬೇಡಿ. ಸಾಕಿದ ನಾಯಿಯೇ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ.