ಗಣಕಯಂತ್ರದಲ್ಲಿ ಮೊದಲೇ ಅಳವಡಿಸಿದ ತಂತ್ರಾಂಶಕ್ಕೆ ಪರವಾನಗಿ ಇಲ್ಲವೆಂಬ ಸೂಚನೆ: ಗ್ರಾಮ ಪಂಚಾಯಿತಿಯು ಕೈಗೊಳ್ಳಬೇಕಾದ ಕ್ರಮ

ಗ್ರಾಮ ಪಂಚಾಯಿತಿಯೊಂದು ತನ್ನ ಕಚೇರಿಗೆ ಮೂರು ಗಣಕಯಂತ್ರಗಳನ್ನು ಖರೀದಿಸಿತೆಂದು ಭಾವಿಸಬಹುದು. ಸರಬರಾಜುದಾರನು ಎಲ್ಲ ತಂತ್ರಾಂಶಗಳನ್ನೂ ತಾನೇ ಅಳವಡಿಸಿ ತಂದುಕೊಟ್ಟನು. ಬಿಲ್ಲು ಪಾವತಿಯಾಯಿತು, ದಾಸ್ತಾನು ವಹಿಯಲ್ಲಿ ‘ಗಣಕಯಂತ್ರ 3’ ಎಂದು ದಾಖಲಾಯಿತು. ಸುಮಾರು ಆರು ತಿಂಗಳ ತರುವಾಯ ಒಂದು ಬೆಳಿಗ್ಗೆ ಪರದೆಯ ಬಲ ಕೆಳಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಅಕ್ಷರಗಳು ಮೂಡಿದವು. ಕೆಲವು ದಿನಗಳಲ್ಲಿ ವರ್ಡ್ ಕಡತದ ಶಿರೋಪಟ್ಟಿಯಲ್ಲಿ ‘ಅನ್‌ಲೈಸೆನ್ಸ್ಡ್ ಪ್ರಾಡಕ್ಟ್’ ಎಂದು ಕಾಣಿಸಿ, ಸಭೆಯ ನಡವಳಿಯನ್ನು ತಿದ್ದಲು ಸಾಧ್ಯವಾಗದಂತಾಯಿತು. ಈಗ ತಪ್ಪು ಯಾರದು? ದಾಖಲೆಗಳ ಗತಿಯೇನು? ಪಂಚಾಯಿತಿಯು ಮೊದಲು ಏನು ಮಾಡಬೇಕು? ಈ ಮೂರು ಪ್ರಶ್ನೆಗಳಿಗೆ ಸದಸ್ಯರು ಉತ್ತರ ಕಂಡುಕೊಳ್ಳುವಂತೆ ಮಾಡುವುದು ಈ ಪಾಠದ ಉದ್ದೇಶವಾಗಿದೆ.

1. ಸೂಚನೆಯನ್ನು ಸರಿಯಾಗಿ ಗುರುತಿಸುವುದು

ಪರದೆಯ ಮೇಲೆ ಬರುವ ಎಲ್ಲ ಎಚ್ಚರಿಕೆಗಳೂ ಒಂದೇ ಬಗೆಯವಲ್ಲ. ಮುಖ್ಯವಾಗಿ ಮೂರು ಬಗೆಗಳನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು, ತಂತ್ರಾಂಶವು ಸಕ್ರಿಯಗೊಂಡಿಲ್ಲ ಅಥವಾ ಅದಕ್ಕೆ ಪರವಾನಗಿ ಇಲ್ಲ ಎಂಬ ನಿಜವಾದ ಸೂಚನೆ. ಎರಡನೆಯದು, ಬೆಂಬಲದ ಅವಧಿ ಮುಗಿದಿದೆ ಎಂಬ ಸೂಚನೆ. ವಿಂಡೋಸ್ 7ರ ಬೆಂಬಲವು 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಇದು ಸುರಕ್ಷತೆಗೆ ಸಂಬಂಧಿಸಿದ ವಿಷಯವೇ ಹೊರತು ಪರವಾನಗಿ ಇಲ್ಲವೆಂಬ ಆಪಾದನೆಯಲ್ಲ. ಮೂರನೆಯದು, ವಂಚಕರು ಒಡ್ಡುವ ಸುಳ್ಳು ಎಚ್ಚರಿಕೆ. ‘ನಿಮ್ಮ ಗಣಕಯಂತ್ರವನ್ನು ತಡೆಹಿಡಿಯಲಾಗಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ’ ಎಂದು ದೂರವಾಣಿ ಸಂಖ್ಯೆಯೊಡನೆ ಬರುವ ಸಂದೇಶವು ಈ ವರ್ಗಕ್ಕೆ ಸೇರಿದ್ದು. ಮೈಕ್ರೋಸಾಫ್ಟ್ ಕಂಪನಿಯ ನಿಜವಾದ ದೋಷಸಂದೇಶಗಳಲ್ಲಿ ಕರೆ ಮಾಡಬೇಕಾದ ಸಂಖ್ಯೆ ಇರುವುದಿಲ್ಲ. ಅಂಥ ಸಂಖ್ಯೆಗೆ ಯಾರೂ ಕರೆ ಮಾಡಬಾರದು. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ದೂರು ನೀಡಬೇಕು.

ನಿಜಸ್ಥಿತಿಯನ್ನು ಯಂತ್ರದಲ್ಲಿಯೇ ಪರಿಶೀಲಿಸಬಹುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್ ಎಂಬ ಕ್ರಮದಲ್ಲಿ ತೆರೆದರೆ ಪರವಾನಗಿಯ ಸ್ಥಿತಿ ಕಾಣುತ್ತದೆ. ಡಿಜಿಟಲ್ ಪರವಾನಗಿಯಿಂದ ಸಕ್ರಿಯಗೊಂಡಿದೆ ಎಂದಿದ್ದರೆ ಸಾಮಾನ್ಯವಾಗಿ ಆತಂಕಕ್ಕೆ ಕಾರಣವಿಲ್ಲ. ‘ನಿಮ್ಮ ಸಂಸ್ಥೆಯ ಸಕ್ರಿಯಗೊಳಿಸುವ ಸೇವೆಯಿಂದ’ ಎಂಬ ಅರ್ಥದ ವಾಕ್ಯವಿದ್ದು, ಮೇಲಿನ ಯಾವ ಕಚೇರಿಯೂ ಅಂಥ ಪರವಾನಗಿಯನ್ನು ಒದಗಿಸಿದ ದಾಖಲೆ ಇಲ್ಲದಿದ್ದರೆ, ಸೂಚನೆ ಬರುವ ಮೊದಲೇ ವಿಚಾರಣೆ ಅಗತ್ಯ.

2. ಹೀಗಾಗಲು ಕಾರಣಗಳು

ಅ) ಬಿಲ್ಲಿನಲ್ಲಿ ‘ಡಾಸ್’ ಎಂದು ನಮೂದಾಗಿರುವ ಯಂತ್ರ. ಬೆಲೆ ತಗ್ಗಿಸಲು ಕೆಲವು ಯಂತ್ರಗಳನ್ನು ವಿಂಡೋಸ್ ಇಲ್ಲದೆಯೇ ಮಾರಲಾಗುತ್ತದೆ. ಬಳಿಕ ಮಾರಾಟಗಾರನು ಪರವಾನಗಿಯಿಲ್ಲದ ಪ್ರತಿಯನ್ನು ‘ಉಚಿತವಾಗಿ’ ತುಂಬಿಕೊಡುತ್ತಾನೆ. ಇಲ್ಲಿ ಪಂಚಾಯಿತಿಯು ವಿಂಡೋಸ್ ಅನ್ನು ಕೊಂಡೇ ಇಲ್ಲ.

ಆ) ಬೇರೊಂದು ಸಂಸ್ಥೆಯ ಸಾಮೂಹಿಕ ಪರವಾನಗಿ. ದೊಡ್ಡ ಸಂಸ್ಥೆಗಳು ಪಡೆಯುವ ಒಂದು ಬಗೆಯ ಪರವಾನಗಿಯಲ್ಲಿ ಯಂತ್ರವು 180 ದಿನಗಳಿಗೊಮ್ಮೆಯಾದರೂ ಆ ಸಂಸ್ಥೆಯ ಸರ್ವರ್‌ನೊಡನೆ ಸಂಪರ್ಕ ಹೊಂದಿ ನವೀಕರಿಸಿಕೊಳ್ಳಬೇಕು. ಸಂಪರ್ಕ ಸಿಗದಿದ್ದರೆ ಸಕ್ರಿಯತೆ ರದ್ದಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಆರು ತಿಂಗಳ ನಂತರ ಸೂಚನೆ ಕಾಣಿಸಿಕೊಳ್ಳಲು ಇದು ಕಾರಣವಾಗಿರಬಹುದು.

ಇ) ಪ್ರಾಯೋಗಿಕ ಅವಧಿಯ ಮುಕ್ತಾಯ. ವಿಂಡೋಸ್ ಸಕ್ರಮವಾಗಿದ್ದರೂ ಅದರೊಡನೆ ಬಂದ ಆಫೀಸ್ ಕೆಲವು ವಾರಗಳ ಪರೀಕ್ಷಾ ಪ್ರತಿಯಾಗಿರಬಹುದು. ಅವಧಿ ಮುಗಿದ ಮೇಲೆ ಕಡತಗಳನ್ನು ಓದಲು ಬರುತ್ತದೆ. ತಿದ್ದಲು, ಹೊಸದನ್ನು ರಚಿಸಲು ಬರುವುದಿಲ್ಲ.

ಈ) ಸಕ್ರಮ ಪರವಾನಗಿಯೇ ಗುರುತು ತಪ್ಪಿರುವುದು. ತಯಾರಕರು ಅಳವಡಿಸಿದ ಪರವಾನಗಿಯು ಆ ಯಂತ್ರದ ಮದರ್‌ಬೋರ್ಡಿಗೆ ಬೆಸೆದುಕೊಂಡಿರುತ್ತದೆ. ದುರಸ್ತಿಯಲ್ಲಿ ಮದರ್‌ಬೋರ್ಡ್ ಬದಲಾದರೆ ಅಥವಾ ಹೋಮ್ ಆವೃತ್ತಿಯ ಜಾಗದಲ್ಲಿ ಪ್ರೊ ಆವೃತ್ತಿಯನ್ನು ಮರುಅಳವಡಿಸಿದರೆ ಸೂಚನೆ ಬರುತ್ತದೆ. ಇಲ್ಲಿ ಯಾರ ಅಪರಾಧವೂ ಇರುವುದಿಲ್ಲ. ಆವೃತ್ತಿ ತಪ್ಪಿದ್ದರೆ ಸರಿಯಾದ ಆವೃತ್ತಿಯನ್ನು ಮರುಅಳವಡಿಸಿದರೆ ಸಾಕು. ಮದರ್‌ಬೋರ್ಡ್ ಬದಲಾಗಿದ್ದರೆ ತಯಾರಕರ ಸೇವಾ ಕೇಂದ್ರವನ್ನು ಸಂಪರ್ಕಿಸಬೇಕು.

ಆದಕಾರಣ ಸೂಚನೆ ಕಂಡೊಡನೆ ಸರಬರಾಜುದಾರನನ್ನು ವಂಚಕನೆನ್ನುವುದಾಗಲಿ, ಗಣಕಯಂತ್ರ ನಿರ್ವಾಹಕರು ಏನೋ ಮಾಡಿದ್ದಾರೆಂದು ದೂರುವುದಾಗಲಿ ಸಲ್ಲದು. ಬಿಲ್ಲು ಮತ್ತು ಯಂತ್ರ ಎರಡನ್ನೂ ಎದುರಿಗಿಟ್ಟು ಕಾರಣವನ್ನು ನಿರ್ಧರಿಸಬೇಕು.

3. ಕಾನೂನಿನ ಸ್ಥಿತಿ

ಕೃತಿಸ್ವಾಮ್ಯ ಅಧಿನಿಯಮ, 1957ರ ಮೇರೆಗೆ ಗಣಕಯಂತ್ರದ ತಂತ್ರಾಂಶವು ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಅದರ 63ಬಿ ಪ್ರಕರಣವು, ಕೃತಿಸ್ವಾಮ್ಯ ಉಲ್ಲಂಘಿಸಿದ ತಂತ್ರಾಂಶದ ಪ್ರತಿಯನ್ನು ತಿಳಿದೂ ಬಳಸುವವರಿಗೆ ಕನಿಷ್ಠ 7 ದಿನಗಳಿಂದ ಗರಿಷ್ಠ 3 ವರ್ಷಗಳವರೆಗೆ ಕಾರಾವಾಸವನ್ನೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ವಿಧಿಸುತ್ತದೆ. ಬಳಕೆಯು ಲಾಭಕ್ಕಾಗಿ ಅಥವಾ ವ್ಯಾಪಾರ ವ್ಯವಹಾರದಲ್ಲಿ ಆಗಿರದಿದ್ದರೆ, ನ್ಯಾಯಾಲಯವು ಕಾರಣಗಳನ್ನು ದಾಖಲಿಸಿ, ಕಾರಾವಾಸವಿಲ್ಲದೆ 50,000 ರೂಪಾಯಿಗಳವರೆಗಿನ ಜುಲ್ಮಾನೆಯನ್ನಷ್ಟೇ ವಿಧಿಸಲು ಅವಕಾಶವಿದೆ.

ಇಲ್ಲಿ ‘ತಿಳಿದೂ’ ಎಂಬ ಪದವೇ ಮುಖ್ಯವಾದುದು. ಸರಬರಾಜುದಾರನನ್ನು ನಂಬಿ ಕೊಂಡ ಪಂಚಾಯಿತಿಗೆ ಖರೀದಿಯ ದಿನ ಆ ತಿಳಿವಳಿಕೆ ಇರಲಿಲ್ಲವೆಂದು ಹೇಳಲು ಬರುತ್ತದೆ. ಆದರೆ ಸೂಚನೆಯು ಪರದೆಯ ಮೇಲೆ ತಿಂಗಳುಗಟ್ಟಲೆ ಇದ್ದು, ನಿತ್ಯವೂ ಅದರೆದುರು ಕೆಲಸ ನಡೆದಿದ್ದರೆ, ಗೊತ್ತಿರಲಿಲ್ಲವೆಂಬ ಮಾತಿಗೆ ಬಲ ಉಳಿಯುವುದಿಲ್ಲ. ಸೂಚನೆ ಕಂಡ ದಿನಾಂಕ ಮತ್ತು ಅಂದು ಕೈಗೊಂಡ ಕ್ರಮವನ್ನು ಬರವಣಿಗೆಯಲ್ಲಿ ದಾಖಲಿಸುವುದೇ ಪಂಚಾಯಿತಿಗೂ ಅದರ ಸಿಬ್ಬಂದಿಗೂ ಇರುವ ಮೊದಲ ರಕ್ಷಣೆ.

ಸರಬರಾಜುದಾರನ ಹೊಣೆಯೂ ಇದೆ. ಸರಕುಗಳ ಮಾರಾಟ ಅಧಿನಿಯಮ, 1930ರ 14ನೆಯ ಪ್ರಕರಣದ ಪ್ರಕಾರ, ಮಾರುವವನಿಗೆ ಆ ಸರಕನ್ನು ಮಾರುವ ಹಕ್ಕಿದೆ ಎಂಬ ಷರತ್ತು, ಬೇರೆ ಉದ್ದೇಶ ಕಾಣದಿದ್ದಲ್ಲಿ, ಪ್ರತಿಯೊಂದು ಮಾರಾಟದಲ್ಲಿಯೂ ಅಡಕವಾಗಿರುತ್ತದೆ. ಬಿಲ್ಲಿನಲ್ಲಿ ವಿಂಡೋಸ್ ಅಥವಾ ಆಫೀಸ್‌ನ ಹೆಸರು ಇದ್ದರೆ ಪಂಚಾಯಿತಿಯ ಬೇಡಿಕೆಗೆ ಬಲ ಬರುತ್ತದೆ. ಹೆಸರೇ ಇಲ್ಲದಿದ್ದರೆ ವಾದ ದುರ್ಬಲವಾಗುತ್ತದೆ.

4. ಕೈಗೊಳ್ಳಬೇಕಾದ ಕ್ರಮಗಳು

ಮೊದಲನೆಯದಾಗಿ, ದಾಖಲೆಗಳನ್ನು ರಕ್ಷಿಸಬೇಕು. ಇ-ಸ್ವತ್ತು, ಪಂಚತಂತ್ರ ಮುಂತಾದ ಜಾಲಾಧಾರಿತ ವ್ಯವಸ್ಥೆಗಳ ಮಾಹಿತಿಯು ಕೇಂದ್ರ ಸರ್ವರ್‌ನಲ್ಲಿರುತ್ತದೆ. ಕಚೇರಿಯ ಯಂತ್ರ ಕೆಟ್ಟರೂ ಅದು ಅಳಿಯದು. ಆದರೆ ನಡವಳಿಗಳು, ನೋಟಿಸುಗಳು, ಫಲಾನುಭವಿಗಳ ಪಟ್ಟಿಗಳು, ಸ್ಕ್ಯಾನ್ ಮಾಡಿದ ಕಡತಗಳು ಆ ಯಂತ್ರದಲ್ಲಷ್ಟೇ ಇರುವ ಸಂಭವವಿದೆ. ಇವುಗಳ ಪ್ರತಿಯನ್ನು ಬಾಹ್ಯ ಹಾರ್ಡ್ ಡಿಸ್ಕಿಗೆ ತೆಗೆದು, ತೆರೆದು ನೋಡಿ ಖಚಿತಪಡಿಸಿಕೊಂಡ ನಂತರವೇ ಮುಂದಿನ ಕೆಲಸಕ್ಕೆ ಕೈಹಾಕಬೇಕು.

ಎರಡನೆಯದಾಗಿ, ಸೂಚನೆಯಿರುವ ಪರದೆಯ ಚಿತ್ರವನ್ನು ದಿನಾಂಕ ಮತ್ತು ಯಂತ್ರದ ಕ್ರಮಸಂಖ್ಯೆಯೊಡನೆ ಉಳಿಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ಬರವಣಿಗೆಯಲ್ಲಿ ವರದಿ ಸಲ್ಲಿಸಬೇಕು.

ಮೂರನೆಯದಾಗಿ, ಖರೀದಿ ಆದೇಶ, ಬಿಲ್ಲು, ದಾಸ್ತಾನು ವಹಿ ಮತ್ತು ಖಾತರಿ ಪತ್ರಗಳನ್ನು ಹೊರತೆಗೆದು ತಂತ್ರಾಂಶದ ಹೆಸರು, ಆವೃತ್ತಿ ಮತ್ತು ಬೆಲೆ ನಮೂದಾಗಿದೆಯೇ ಎಂದು ನೋಡಬೇಕು.

ನಾಲ್ಕನೆಯದಾಗಿ, ನಮೂದಾಗಿದ್ದಲ್ಲಿ ನಿಗದಿತ ದಿನದೊಳಗೆ ಸಕ್ರಮ ಪರವಾನಗಿಯನ್ನು ಅದರ ದಾಖಲೆಯೊಡನೆ ಒದಗಿಸುವಂತೆ ಸರಬರಾಜುದಾರನಿಗೆ ನೋಟಿಸು ನೀಡಬೇಕು. ಭದ್ರತಾ ಠೇವಣಿ ಉಳಿದಿದ್ದರೆ ಈ ವಿಷಯ ಇತ್ಯರ್ಥವಾಗುವವರೆಗೆ ಅದನ್ನು ಬಿಡುಗಡೆ ಮಾಡದಿರುವುದು ಉಚಿತ.

ಐದನೆಯದಾಗಿ, ವಿಷಯವನ್ನು ಸಾಮಾನ್ಯ ಸಭೆಯ ಮುಂದಿಟ್ಟು ನಡವಳಿಯಲ್ಲಿ ದಾಖಲಿಸಿ, ಹೊಸ ಪರವಾನಗಿ ಕೊಳ್ಳಬೇಕೇ ಅಥವಾ ಮುಕ್ತ ತಂತ್ರಾಂಶಕ್ಕೆ ಬದಲಾಗಬೇಕೇ ಎಂದು ತೀರ್ಮಾನಿಸಬೇಕು.

5. ಮಾಡಬಾರದ ಕೆಲಸಗಳು

‘ಐದು ನಿಮಿಷದಲ್ಲಿ ಸರಿಮಾಡಿಕೊಡುತ್ತೇನೆ’ ಎಂದು ಪೆನ್ ಡ್ರೈವ್ ಹಿಡಿದು ಬರುವವರನ್ನು ಯಂತ್ರದ ಬಳಿ ಬಿಡಬಾರದು. ಪರವಾನಗಿಯನ್ನು ಕೃತಕವಾಗಿ ಸಕ್ರಿಯಗೊಳಿಸುವ ಕಳ್ಳ ಸಾಧನಗಳು ಸಾಮಾನ್ಯವಾಗಿ ಮೊದಲು ವೈರಾಣು ನಿರೋಧಕವನ್ನು ನಿಲ್ಲಿಸಲು ಹೇಳುತ್ತವೆ. ಬಾಗಿಲಿನ ಕಾವಲುಗಾರನನ್ನು ಕಳುಹಿಸಿ ಅಪರಿಚಿತನನ್ನು ಒಳಗೆ ಕರೆದಂತೆ ಇದು. ಪಂಚಾಯಿತಿಯ ಬ್ಯಾಂಕ್ ವ್ಯವಹಾರ ಮತ್ತು ಅಧಿಕಾರಿಯ ಡಿಜಿಟಲ್ ಸಹಿಯ ಬಳಕೆ ಅದೇ ಯಂತ್ರದಲ್ಲಿ ನಡೆಯುತ್ತವೆ ಎಂಬುದನ್ನು ಮರೆಯಬಾರದು. ಅಲ್ಲದೆ, ಹಾಗೆ ಮಾಡಿಸಿದ ಮೇಲೆ ‘ತಿಳಿಯದೆ ಬಳಸಿದೆವು’ ಎನ್ನಲು ದಾರಿಯೇ ಇರದು. ಅಂತರಜಾಲದಲ್ಲಿ ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಕೀಲಿಸಂಖ್ಯೆಗಳನ್ನು ಕೊಳ್ಳುವುದೂ ಅಪಾಯಕರ. ಅವುಗಳಲ್ಲಿ ಅನೇಕವು ಬೇರೆ ಸಂಸ್ಥೆಗಳಿಗೆ ನೀಡಿದವು, ಯಾವಾಗ ಬೇಕಾದರೂ ರದ್ದಾಗಬಲ್ಲವು.

6. ಮುಕ್ತ ತಂತ್ರಾಂಶದ ಮಾರ್ಗ

ಭಾರತ ಸರ್ಕಾರವು 2015ರಲ್ಲಿ ಮುಕ್ತ ಆಕರ ತಂತ್ರಾಂಶಗಳ ಬಳಕೆಗೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿದೆ. ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಬಾಸ್ ಕಾರ್ಯಾಚರಣಾ ವ್ಯವಸ್ಥೆ, ಉಬುಂಟು, ಕಚೇರಿ ಬರವಣಿಗೆಗೆ ಲಿಬ್ರೆ ಆಫೀಸ್ ಇವು ಪರವಾನಗಿ ಶುಲ್ಕವಿಲ್ಲದೆ ದೊರೆಯುತ್ತವೆ. ವಿಂಡೋಸ್ ಸಕ್ರಮವಾಗಿದ್ದು ಆಫೀಸ್ ಮಾತ್ರ ಪರವಾನಗಿಯಿಲ್ಲದ್ದಾದರೆ, ಅದನ್ನು ತೆಗೆದು ಲಿಬ್ರೆ ಆಫೀಸ್ ಅಳವಡಿಸುವುದೇ ಸುಲಭ ಪರಿಹಾರ.

ಬದಲಾವಣೆಗೆ ಮುನ್ನ ಎರಡು ಅಂಶಗಳನ್ನು ಒಂದು ಯಂತ್ರದಲ್ಲಿ ಪರೀಕ್ಷಿಸಬೇಕು. ಡಿಜಿಟಲ್ ಸಹಿಯ ಟೋಕನ್, ಮುದ್ರಕ ಮತ್ತು ಬೆರಳಚ್ಚು ಸಾಧನಗಳು ಹೊಸ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತವೆಯೇ ಎಂಬುದು ಒಂದು. ಹಳೆಯ ನುಡಿ ಅಕ್ಷರಶೈಲಿಯ ಕಡತಗಳು ಸರಿಯಾಗಿ ತೆರೆಯುತ್ತವೆಯೇ ಎಂಬುದು ಇನ್ನೊಂದು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಡುವುದು ಶಾಶ್ವತ ಪರಿಹಾರ.

7. ಮುಂದಿನ ಖರೀದಿಯಲ್ಲಿ ಎಚ್ಚರಿಕೆ

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಜಾರಿಯಲ್ಲಿರುವ ಆದೇಶಗಳಿಗೆ ಒಳಪಟ್ಟು ನಡೆಯಬೇಕು. ದರಪಟ್ಟಿಯಲ್ಲಿ ತಂತ್ರಾಂಶದ ಹೆಸರು, ಆವೃತ್ತಿ, ಪರವಾನಗಿಯ ಬಗೆ, ಅವಧಿ ಮತ್ತು ಬೆಲೆಯನ್ನು ಪ್ರತ್ಯೇಕ ಸಾಲಿನಲ್ಲಿ ಕೇಳಬೇಕು. ಯಂತ್ರ ಬಂದ ದಿನ ಆಕ್ಟಿವೇಶನ್ ಪುಟವನ್ನು ತೆರೆದು ನೋಡಿದ ನಂತರವೇ ಸ್ವೀಕೃತಿಗೆ ಸಹಿ ಹಾಕಬೇಕು. ದಾಸ್ತಾನು ವಹಿಯಲ್ಲಿ ಯಂತ್ರದಂತೆಯೇ ಪರವಾನಗಿಗೂ ಒಂದು ಸಾಲು ಇರಬೇಕು.

ಗ್ರಾಮಸ್ಥರು ತೆರಿಗೆಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ಪಂಚಾಯಿತಿಯು ಹೇಳುತ್ತದೆ. ತಾನು ಕೊಂಡದ್ದರ ರಸೀದಿಯನ್ನೂ ಪರವಾನಗಿಯನ್ನೂ ಅದೇ ಜೋಪಾನದಿಂದ ಇಟ್ಟುಕೊಳ್ಳುವುದು ಪಂಚಾಯಿತಿಯ ಕರ್ತವ್ಯವೂ ಆಗಿದೆ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಕಚೇರಿಯ ಪ್ರತಿಯೊಂದು ಗಣಕಯಂತ್ರದ ತಂತ್ರಾಂಶಗಳಿಗೂ ಪರವಾನಗಿಯ ದಾಖಲೆ ಇದೆಯೇ? ಅದು ಯಾರ ವಶದಲ್ಲಿದೆ?
2. ಕಚೇರಿಯ ಕಡತಗಳ ಪ್ರತಿಯನ್ನು ಕೊನೆಯ ಬಾರಿ ಯಾವಾಗ ತೆಗೆಯಲಾಯಿತು? ಅದನ್ನು ತೆರೆದು ಪರಿಶೀಲಿಸಲಾಗಿದೆಯೇ?
3. ಹೊರಗಿನ ವ್ಯಕ್ತಿಗಳು ದುರಸ್ತಿಗೆ ಬಂದಾಗ ಅವರ ಹೆಸರು ಮತ್ತು ಮಾಡಿದ ಕೆಲಸವನ್ನು ದಾಖಲಿಸುವ ವಹಿ ಇದೆಯೇ?
4. ಇಂದು ಒಂದು ಯಂತ್ರದಲ್ಲಿ ಪರವಾನಗಿ ಇಲ್ಲವೆಂಬ ಸೂಚನೆ ಬಂದರೆ, ನಿರ್ವಾಹಕರು ಭಯವಿಲ್ಲದೆ ಅದನ್ನು ವರದಿ ಮಾಡುವ ವಾತಾವರಣ ಕಚೇರಿಯಲ್ಲಿ ಇದೆಯೇ?