ಸೂರ್ಯನಲ್ಲಿ ಗಡಿಯಾರವಿದೆಯೇ?

ಉಯ್ಯಾಲೆಯನ್ನು ಎತ್ತರಕ್ಕೆ ತೂಗಲು ಭೀಮಬಲ ಬೇಕಿಲ್ಲ. ಅದು ಹಿಂದಕ್ಕೆ ಬಂದು ತಿರುಗುವ ಕ್ಷಣವನ್ನರಿತು ಪ್ರತಿಸಲವೂ ಮೆಲ್ಲನೆ ನೂಕಿದರೆ ಸಾಕು. ಒಂದು ವಸ್ತುವಿನ ಸಹಜ ಆಂದೋಲನಕ್ಕೆ ಹೊರಗಿನ ಅಲ್ಪ ಪ್ರೇರಣೆಯು ತಾಳ ಕೂಡಿ ಬಂದಾಗ ಆ ಆಂದೋಲನವು ಬಲಗೊಳ್ಳುವುದನ್ನು ಅನುರಣನೆ ಎನ್ನುತ್ತಾರೆ. ಸೂರ್ಯನಲ್ಲಿಯೂ ಇಂಥದು ನಡೆಯುತ್ತಿದೆಯೇ ಎಂಬುದು ಬಹುಕಾಲದ ಚರ್ಚೆ.

ಸೂರ್ಯಬಿಂಬದ ಕಪ್ಪು ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುವುದನ್ನು ಜರ್ಮನಿಯ ಶ್ವಾಬೆ 1843ರಲ್ಲಿ ಸಾರಿದನು. ಆ ಅವಧಿಯು ಸರಾಸರಿ 11 ವರ್ಷವೆಂದು ಮುಂದೆ ತಿಳಿಯಿತು. ಕಲೆಗಳು ಪ್ರಬಲ ಕಾಂತಕ್ಷೇತ್ರದ ನೆಲೆಗಳೆಂದು ಅಮೆರಿಕದ ಹೇಲ್ 1908ರಲ್ಲಿ ತೋರಿಸಿದನು.

ಈ ಕಾಂತತ್ವವು ಹುಟ್ಟುವುದು ಸೂರ್ಯನ ಒಡಲಿನಲ್ಲಿಯೇ. ಅಲ್ಲಿನ ಅನಿಲವು ವಿದ್ಯುದ್ವಾಹಕ. ಸೂರ್ಯನು ಸಮಭಾಜಕದ ಬಳಿ ಸುಮಾರು 25 ದಿನಗಳಿಗೂ, ಧ್ರುವಗಳ ಬಳಿ ಸುಮಾರು 35 ದಿನಗಳಿಗೂ ಒಂದು ಸುತ್ತು ತಿರುಗುತ್ತಾನೆ. ಈ ವ್ಯತ್ಯಾಸದಿಂದ ಉತ್ತರ ದಕ್ಷಿಣವಾಗಿದ್ದ ಬಲರೇಖೆಗಳು ಪೂರ್ವ ಪಶ್ಚಿಮವಾಗಿ ಸುತ್ತಿಕೊಳ್ಳುತ್ತವೆ. ಮೇಲೇಳುವ ಅನಿಲವು ಅವನ್ನು ತಿರುಚಿ, ವಿರುದ್ಧ ದಿಕ್ಕಿನ ಉತ್ತರ ದಕ್ಷಿಣ ಕ್ಷೇತ್ರವನ್ನು ಕಟ್ಟುತ್ತದೆ. ಇದೇ ಸೌರ ಡೈನಮೊ. ಕ್ಷೇತ್ರವು ಮೊದಲಿನ ದಿಕ್ಕಿಗೆ ಮರಳಲು ಸುಮಾರು 22 ವರ್ಷ ಬೇಕು.

ಈ ಡೈನಮೊವಿಗೆ ಗ್ರಹಗಳು ತಾಳ ಹಾಕುತ್ತಿವೆಯೇ? ಶುಕ್ರ, ಭೂಮಿ, ಗುರುಗಳು ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುವ ಯೋಗವು ಸುಮಾರು 11.07 ವರ್ಷಗಳಿಗೊಮ್ಮೆ ಮರುಕಳಿಸುತ್ತದೆ. ಆದರೆ ಗ್ರಹಗಳು ಸೂರ್ಯನಲ್ಲಿ ಎಬ್ಬಿಸುವ ಉಬ್ಬರದ ಎತ್ತರ ಕೇವಲ ಒಂದು ಮಿಲಿಮೀಟರಿನಷ್ಟು! ಇಷ್ಟು ಅಲ್ಪವಾದ ನೂಕು ಫಲಿಸಬೇಕಾದರೆ ಅನುರಣನೆಯೇ ಗತಿ ಎಂಬುದು ಈ ಪಕ್ಷದವರ ವಾದ.

ಇದನ್ನು ಒರೆಗೆ ಹಚ್ಚುವ ಬಗೆಯೊಂದನ್ನು ಅಮೆರಿಕದ ಭೌತವಿಜ್ಞಾನಿ ಡಿಕಿ 1978ರಲ್ಲಿ ಸೂಚಿಸಿದನು. ಒಳಗೆ ಗಡಿಯಾರವಿದ್ದರೆ, ಒಂದು ಆವರ್ತವು ತಡವಾದರೂ ಮುಂದಿನವು ಬೇಗನೆ ಮುಗಿದು ಲೆಕ್ಕವನ್ನು ಸರಿದೂಗಿಸಬೇಕು. ಗಡಿಯಾರವಿಲ್ಲದಿದ್ದರೆ ತಡವಾದದ್ದು ತಡವಾಗಿಯೇ ಉಳಿದು, ತಪ್ಪುಗಳು ಗುಡ್ಡೆಯಾಗುತ್ತವೆ. ಡಿಕಿಯು ಗಡಿಯಾರದ ಪಕ್ಷಕ್ಕೇ ಒಲಿದಿದ್ದನು. ಆದರೆ 2023ರಲ್ಲಿ, ಮರದ ಉಂಗುರಗಳಲ್ಲಿನ ಕಾರ್ಬನ್-14ರಿಂದ ತಿಳಿದ ಹಿಂದಿನ ಶತಮಾನಗಳ ಆವರ್ತಗಳನ್ನೂ ಸೇರಿಸಿ ಪರೀಕ್ಷಿಸಿದಾಗ ಗಡಿಯಾರದ ಕುರುಹು ಕಾಣಲಿಲ್ಲ.

ಇದು ಬರಿಯ ಕುತೂಹಲದ ಮಾತಲ್ಲ. 1989ರ ಮಾರ್ಚ್ ತಿಂಗಳಲ್ಲಿ ಸೌರ ಚಟುವಟಿಕೆಯಿಂದೆದ್ದ ಕಾಂತಬಿರುಗಾಳಿಯು ಕೆನಡದ ಕ್ವಿಬೆಕ್ ಪ್ರಾಂತ್ಯವನ್ನು ಕತ್ತಲಲ್ಲಿ ಮುಳುಗಿಸಿತು. ಸೂರ್ಯನಲ್ಲಿ ಗಡಿಯಾರವಿದ್ದರೆ ಅವನ ಉಗ್ರಕಾಲಗಳನ್ನು ಬಹು ಮೊದಲೇ ಗುಣಿಸಿಡಬಹುದು. ಇಲ್ಲದಿದ್ದರೆ ಪ್ರತಿಯೊಂದು ಆವರ್ತವನ್ನೂ ಕಾದು ನೋಡಿಯೇ ತಿಳಿಯಬೇಕು.

ಎರಡು ಸಂಖ್ಯೆಗಳು ಹೊಂದಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಕಾಗೆ ಕುಳಿತದ್ದಕ್ಕೇ ಕೊಂಬೆ ಮುರಿಯಿತೇ ಎಂಬುದನ್ನು ಮತ್ತೆ ಮತ್ತೆ ಪರೀಕ್ಷಿಸುವುದೇ ವಿಜ್ಞಾನದ ಮಾರ್ಗ.